ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆಯವರು

ಜನರ ವ್ಯಾಜ್ಯಗಳನ್ನು ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಆದರೆ ಆ ನ್ಯಾಯಾಧೀಶರನ್ನು ಆರಿಸುವವರು ಯಾರು? ಮೇಲುನೋಟಕ್ಕೆ ಇದು ಕಾನೂನು ಪಂಡಿತರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯೆಂದು ತೋರುತ್ತದೆ. ಆದರೆ ಹಳ್ಳಿಯ ಗದ್ದೆಯ ಬದುವಿನ ತಕರಾರಿನಿಂದ ಹಿಡಿದು ದೇಶದ ಪ್ರಧಾನಿಯ ಚುನಾವಣೆಯವರೆಗೆ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ನ್ಯಾಯಾಸನದ ಮುಂದೆಯೇ. ಆದುದರಿಂದ ಆ ಆಸನಕ್ಕೆ ಜನರನ್ನು ಆರಿಸುವ ಕೈ ಯಾವುದೆಂಬುದು ನಮ್ಮೆಲ್ಲರ ಪ್ರಶ್ನೆಯೂ ಆಗುತ್ತದೆ. ಕನ್ನಡ ನಾಡಿನ ಒಬ್ಬ ಹಿರಿಯರ ಬಾಳು ಈ ಪ್ರಶ್ನೆಯ ಸುತ್ತಲೇ ಹೆಣೆದುಕೊಂಡಿತ್ತು. ಆಯ್ಕೆ ಹೇಗಿರಬೇಕೆಂದು ತೀರ್ಪು ಬರೆದವರು ಅವರು. ಆಯ್ಕೆಯಲ್ಲಿ ಹಿಂದಕ್ಕೆ ತಳ್ಳಲ್ಪಟ್ಟವರೂ ಅವರೇ. ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರ ಹೆಸರು ಇಂದು ಮಂಗಳೂರಿನ ಬಳಿಯ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಯ ಫಲಕದ ಮೇಲೆ ಎಲ್ಲರಿಗೂ ಪರಿಚಿತವಾಗಿದೆ. ಆ ಹೆಸರಿನ ಹಿಂದಿರುವ ಬಾಳನ್ನು ಅರಿತವರು ನಮ್ಮ ವಿದ್ಯಾರ್ಥಿಗಳಲ್ಲಿ ವಿರಳ.

ಸದಾನಂದ ಹೆಗ್ಡೆಯವರು 1909ನೆಯ ಇಸವಿ ಜೂನ್ 11ರಂದು ಕಾರ್ಕಳ ತಾಲ್ಲೂಕಿನ ಕೌಡೂರು ಗ್ರಾಮದಲ್ಲಿ ಜನಿಸಿದರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಉನ್ನತ ವಿದ್ಯೆ ಬೇಕೆಂದರೆ ಕರಾವಳಿಯ ತರುಣರು ಮೊದಲು ಮಂಗಳೂರಿಗೆ, ಆಮೇಲೆ ಮದರಾಸಿಗೆ ಹೋಗಬೇಕಾಗಿತ್ತು. ಹೆಗ್ಡೆಯವರು ಹಿಡಿದದ್ದೂ ಅದೇ ದಾರಿ. ಮಂಗಳೂರಿನ ಸೇಂಟ್ ಅಲೋಷಿಯಸ್ ಕಾಲೇಜು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಯ ಲಾ ಕಾಲೇಜು, ಈ ಮೂರು ಕಡೆಗಳಲ್ಲಿ ಓದಿ ವಕೀಲಿ ವೃತ್ತಿಯನ್ನು ಕೈಗೊಂಡರು. ಸ್ವಾತಂತ್ರ್ಯ ಬಂದ ವರ್ಷವಾದ 1947ರಿಂದ 1951ರವರೆಗೆ ಸರಕಾರಿ ವಕೀಲರಾಗಿ ಕೆಲಸ ಮಾಡಿದರು. 1952ರಲ್ಲಿ ರಾಜ್ಯಸಭೆ ಮೊದಲ ಬಾರಿಗೆ ರಚನೆಯಾದಾಗ ಕಾಂಗ್ರೆಸ್ ಪಕ್ಷದಿಂದ ಅದರ ಸದಸ್ಯರಾದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, 1957ರ ಆಗಸ್ಟ್ ತಿಂಗಳಲ್ಲಿ, ಹೆಗ್ಡೆಯವರು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿ ನೇಮಕಗೊಂಡು ಬೆಂಗಳೂರಿನ ಅಠಾರಾ ಕಚೇರಿಗೆ ಬಂದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ಆಳುವ ಪಕ್ಷದ ಸಂಸತ್ ಸದಸ್ಯರೊಬ್ಬರು ನೇರವಾಗಿ ಹೈಕೋರ್ಟಿನ ನ್ಯಾಯಾಧೀಶರಾದದ್ದು ಸರಿಯೇ? ಇಂದು ಇಂಥ ನೇಮಕ ನಡೆದರೆ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೇ ಎದ್ದೀತು. ಅಂದಿನ ವ್ಯವಸ್ಥೆಯಲ್ಲಿ ನೇಮಕದ ಕೊನೆಯ ಮಾತು ಸರಕಾರದ್ದಾಗಿತ್ತು. ಸಂವಿಧಾನದ 124ನೆಯ ಮತ್ತು 217ನೆಯ ವಿಧಿಗಳಂತೆ ರಾಷ್ಟ್ರಪತಿಗಳು ನ್ಯಾಯಾಧೀಶರನ್ನು ನೇಮಿಸುತ್ತಾರೆ. ನೇಮಿಸುವ ಮೊದಲು ಮುಖ್ಯ ನ್ಯಾಯಾಧೀಶರೊಡನೆ ಸಮಾಲೋಚಿಸಬೇಕು. ಆ ಸಮಾಲೋಚನೆ ಒಪ್ಪಿಗೆಯೇ ಆಗಿರಬೇಕೇ ಎಂಬ ಚರ್ಚೆ 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ನಡೆದಿತ್ತು. ಡಾಕ್ಟರ್ ಅಂಬೇಡ್ಕರರು ಅದಕ್ಕೆ ಒಪ್ಪಲಿಲ್ಲ. ಮುಖ್ಯ ನ್ಯಾಯಾಧೀಶರು ಎಷ್ಟೇ ದೊಡ್ಡವರಾದರೂ ಅವರೂ ಮನುಷ್ಯರೇ, ಸಾಮಾನ್ಯರಿಗಿರುವ ರಾಗದ್ವೇಷಗಳು ಅವರಿಗೂ ಇರಬಹುದು, ಆದುದರಿಂದ ಅವರೊಬ್ಬರಿಗೇ ತಡೆಯುವ ಅಧಿಕಾರ ಕೊಡುವುದು ಅಪಾಯ ಎಂಬುದು ಅವರ ವಾದದ ತಿರುಳು. ಆಳುವವರಿಗೇ ಪೂರ್ತಿ ಬಿಟ್ಟುಕೊಡುವುದನ್ನೂ ಅವರು ಒಪ್ಪಿರಲಿಲ್ಲ. ಹೀಗೆ ನಮ್ಮ ಸಂವಿಧಾನವು ಒಂದು ನಡುದಾರಿಯನ್ನು ಹಿಡಿಯಿತು. ಆ ದಾರಿಯಲ್ಲಿ ನಡೆಯುವವರ ಸಜ್ಜನಿಕೆಯ ಮೇಲೆಯೇ ಎಲ್ಲವೂ ನಿಂತಿತ್ತು.

ಹೆಗ್ಡೆಯವರ ವಿಷಯದಲ್ಲಿ ಹೇಳುವುದಾದರೆ, ರಾಜಕೀಯದಿಂದ ಬಂದ ಈ ನ್ಯಾಯಾಧೀಶರು ತಮ್ಮನ್ನು ನೇಮಿಸಿದವರ ಋಣವನ್ನು ನ್ಯಾಯಾಸನಕ್ಕೆ ತರಲಿಲ್ಲ. ಒಂಬತ್ತು ವರ್ಷ ಮೈಸೂರು ಹೈಕೋರ್ಟಿನಲ್ಲಿದ್ದ ಬಳಿಕ, 1966ರ ಅಕ್ಟೋಬರ್ 31ರಂದು ದಿಲ್ಲಿಗೆ ಪ್ರತ್ಯೇಕ ಹೈಕೋರ್ಟು ಸ್ಥಾಪನೆಯಾದಾಗ ಅದರ ಪ್ರಥಮ ಮುಖ್ಯ ನ್ಯಾಯಾಧೀಶರಾದರು. ಆರಂಭದಲ್ಲಿ ಆ ನ್ಯಾಯಾಲಯದಲ್ಲಿದ್ದವರು ನಾಲ್ವರೇ. ಅವರಲ್ಲಿ ಎಚ್. ಆರ್. ಖನ್ನಾ ಅವರೂ ಒಬ್ಬರು. ಈ ಹೆಸರು ಮುಂದೆ ಮತ್ತೆ ಬರುವುದರಿಂದ ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಒಂದು ವರ್ಷ ತುಂಬುವ ಮೊದಲೇ, 1967ರ ಜುಲೈ ತಿಂಗಳಲ್ಲಿ, ಹೆಗ್ಡೆಯವರು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು. ಕೌಡೂರಿನಿಂದ ಹೊರಟ ಪಯಣ ದೇಶದ ಅತ್ಯುನ್ನತ ನ್ಯಾಯಪೀಠವನ್ನು ಮುಟ್ಟಿತು.

ಅಲ್ಲಿ ಅವರು ಬರೆದ ತೀರ್ಪುಗಳಲ್ಲಿ 1969ರ ಏಪ್ರಿಲ್ ತಿಂಗಳಿನ ಕ್ರೈಪಕ್ ಮೊಕದ್ದಮೆಯ ತೀರ್ಪು ಕಾನೂನು ವಿದ್ಯಾರ್ಥಿಗಳೆಲ್ಲ ಇಂದಿಗೂ ಓದುವಂಥದು. ಅದರ ಕಥೆ ಸರಳ. ಜಮ್ಮು ಮತ್ತು ಕಾಶ್ಮೀರ ರಾಜ್ಯದ ಅರಣ್ಯಾಧಿಕಾರಿಗಳಲ್ಲಿ ಕೆಲವರನ್ನು ಅಖಿಲ ಭಾರತ ಅರಣ್ಯ ಸೇವೆಗೆ ಆರಿಸಿಕೊಳ್ಳಬೇಕಾಗಿತ್ತು. ಅದಕ್ಕಾಗಿ ಒಂದು ಆಯ್ಕೆ ಮಂಡಳಿ ರಚನೆಯಾಯಿತು. ರಾಜ್ಯದ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ನಿಯಮದ ಪ್ರಕಾರವೇ ಅದರ ಸದಸ್ಯ. ಆದರೆ ಆ ಹುದ್ದೆಯಲ್ಲಿ ತಾತ್ಕಾಲಿಕವಾಗಿದ್ದ ವ್ಯಕ್ತಿ ಸ್ವತಃ ಒಬ್ಬ ಉಮೇದುವಾರ! ತನ್ನ ಹೆಸರು ಬಂದಾಗ ಆತ ಸಭೆಯಿಂದ ದೂರ ಉಳಿದನು ನಿಜ. ಆದರೆ ತನ್ನ ಪ್ರತಿಸ್ಪರ್ಧಿಗಳ ಹೆಸರುಗಳು ಬಂದಾಗ ಕುಳಿತಿದ್ದನು. ಯಾರು ಮೊದಲು, ಯಾರು ನಂತರ ಎಂಬ ಪಟ್ಟಿ ತಯಾರಿಸುವಾಗಲೂ ಇದ್ದನು. ಪಟ್ಟಿ ಹೊರಬಿದ್ದಾಗ ಆತನ ಹೆಸರು ಮೇಲಿತ್ತು. ಅವನ ಜ್ಯೇಷ್ಠತೆಯನ್ನು ಪ್ರಶ್ನಿಸಿದ್ದ ಪ್ರತಿಸ್ಪರ್ಧಿಗಳ ಹೆಸರುಗಳು ಬಿಟ್ಟುಹೋಗಿದ್ದವು.

ಸರಕಾರದ ಪರವಾಗಿ ಹೇಳಿದ ಸಮಾಧಾನ ಹೀಗಿತ್ತು: ಇದು ನ್ಯಾಯಾಲಯದ ಕೆಲಸವಲ್ಲ, ಆಡಳಿತದ ಕೆಲಸ, ಮಂಡಳಿಯಲ್ಲಿ ಇತರ ಸದಸ್ಯರೂ ಇದ್ದರು, ಪಟ್ಟಿಯನ್ನು ಲೋಕಸೇವಾ ಆಯೋಗವೂ ಪರಿಶೀಲಿಸಿತ್ತು. ಐವರು ನ್ಯಾಯಾಧೀಶರ ಪೀಠದ ಪರವಾಗಿ ತೀರ್ಪು ಬರೆದ ಹೆಗ್ಡೆಯವರು ಈ ವಾದವನ್ನು ಒಪ್ಪಲಿಲ್ಲ. ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಾರದು ಎಂಬ ನಿಯಮವು ನ್ಯಾಯಾಲಯದ ಗೋಡೆಗಳ ಒಳಗಷ್ಟೇ ಇರುವಂಥದಲ್ಲ, ಸರಕಾರದ ಕಚೇರಿಯಲ್ಲಿ ನಡೆಯುವ ಆಯ್ಕೆಗೂ ಅದು ಅನ್ವಯಿಸುತ್ತದೆ ಎಂದು ನಿರ್ಣಯಿಸಿದರು. ಪಕ್ಷಪಾತ ನಡೆದೇ ನಡೆಯಿತೆಂದು ಸಾಬೀತು ಮಾಡಬೇಕಾಗಿಲ್ಲ. ನಡೆಯುವ ಸಂಭವ ನ್ಯಾಯವಾಗಿ ಕಾಣುವಂತಿದ್ದರೆ ಸಾಕು. ಇತರ ಸದಸ್ಯರು ಎಷ್ಟೇ ಪ್ರಾಮಾಣಿಕರಾದರೂ ಒಟ್ಟಿಗೆ ಕೂತು ಮಾತನಾಡುವಾಗ ಒಬ್ಬನ ಪ್ರಭಾವ ಮತ್ತೊಬ್ಬನ ಮೇಲೆ ಅರಿವಿಲ್ಲದಂತೆ ಬೀಳುತ್ತದೆ. ಆದ್ದರಿಂದ ಇಡೀ ಆಯ್ಕೆಯನ್ನೇ ಅವರು ರದ್ದುಗೊಳಿಸಿದರು. ಅರಣ್ಯ ಇಲಾಖೆಯ ಕೆಲವೇ ಹುದ್ದೆಗಳಿಗೆ ಸಂಬಂಧಿಸಿದ ಈ ತೀರ್ಪಿನಿಂದ ನಮ್ಮ ದೇಶದ ಆಡಳಿತ ನ್ಯಾಯದಲ್ಲಿ ಒಂದು ಹೊಸ ಅಧ್ಯಾಯವೇ ಆರಂಭವಾಯಿತು. ಆರಿಸುವ ಅಧಿಕಾರ ಎಲ್ಲಿದೆಯೋ ಅಲ್ಲಿ ನಿಷ್ಪಕ್ಷಪಾತವೂ ಇರಲೇಬೇಕು ಎಂಬುದು ಅದರ ಸಾರ.

ಆ ಕಾಲದಲ್ಲಿ ಸರಕಾರಕ್ಕೂ ಸುಪ್ರೀಂ ಕೋರ್ಟಿಗೂ ತಿಕ್ಕಾಟ ಬಲವಾಗಿತ್ತು. 1967ರಲ್ಲಿ ಗೋಲಕನಾಥ ಮೊಕದ್ದಮೆ, 1970ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣ, ಅದೇ ವರ್ಷ ರಾಜಧನದ ರದ್ದತಿ, ಹೀಗೆ ಒಂದರ ಮೇಲೊಂದು ತೀರ್ಪುಗಳು ಸರಕಾರದ ವಿರುದ್ಧ ಬಂದವು. 1971ರ ಚುನಾವಣೆಯಲ್ಲಿ ಭಾರಿ ಬಹುಮತ ಪಡೆದ ಶ್ರೀಮತಿ ಇಂದಿರಾ ಗಾಂಧಿಯವರ ಸರಕಾರ ಸಂವಿಧಾನಕ್ಕೆ ತಿದ್ದುಪಡಿಗಳನ್ನು ತಂದಿತು. ಬಡವರ ಪರವಾದ ಸುಧಾರಣೆಗಳಿಗೆ ನ್ಯಾಯಾಲಯ ಅಡ್ಡ ಬರುತ್ತಿದೆ ಎಂಬುದು ಸರಕಾರದ ದೂರು. ಆ ದೂರಿನಲ್ಲಿ ಏನೂ ಹುರುಳಿರಲಿಲ್ಲವೆಂದು ಹೇಳುವಂತಿಲ್ಲ. ಭೂಸುಧಾರಣೆಯ ಫಲವನ್ನು ಉಂಡ ಗೇಣಿದಾರರ ಮನೆಗಳಿಂದ ಬಂದವರು ನಮ್ಮ ಕಾಲೇಜುಗಳಲ್ಲಿ ಎಷ್ಟೋ ಮಂದಿ ಇದ್ದೇವೆ.

ಈ ತಿಕ್ಕಾಟ ತುದಿ ಮುಟ್ಟಿದ್ದು ಕೇಶವಾನಂದ ಭಾರತಿ ಮೊಕದ್ದಮೆಯಲ್ಲಿ. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. 1956ಕ್ಕೆ ಮೊದಲು ಕಾಸರಗೋಡು ಕೂಡ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಕೇರಳದ ಭೂಸುಧಾರಣಾ ಕಾಯಿದೆಯಿಂದ ಹೊರಟ ಈ ದಾವೆ, ಸಂಸತ್ತು ಸಂವಿಧಾನವನ್ನು ಎಲ್ಲಿಯವರೆಗೆ ತಿದ್ದಬಹುದು ಎಂಬ ಮೂಲ ಪ್ರಶ್ನೆಯಾಗಿ ಬೆಳೆಯಿತು. ಹದಿಮೂರು ನ್ಯಾಯಾಧೀಶರ ಪೀಠ 1972ರ ಅಕ್ಟೋಬರಿನಿಂದ 1973ರ ಮಾರ್ಚಿಯವರೆಗೆ 68 ದಿನ ವಾದ ಆಲಿಸಿತು. ಏಪ್ರಿಲ್ 24ರಂದು ತೀರ್ಪು ಬಂತು. ತಿದ್ದುಪಡಿಯ ಅಧಿಕಾರ ವಿಶಾಲವಾದದ್ದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ನಾಶಮಾಡುವ ಅಧಿಕಾರ ಸಂಸತ್ತಿಗಿಲ್ಲ ಎಂದು ಏಳು ಮಂದಿ ಹೇಳಿದರು. ಆರು ಮಂದಿ ಒಪ್ಪಲಿಲ್ಲ. ಏಳರಲ್ಲಿ ಹೆಗ್ಡೆಯವರೂ ಒಬ್ಬರು. ನ್ಯಾಯಮೂರ್ತಿ ಮುಖರ್ಜಿಯಾ ಅವರೊಡನೆ ಸೇರಿ ಅವರು ತಮ್ಮ ಅಭಿಪ್ರಾಯವನ್ನು ಬರೆದಿದ್ದರು.

ಮಾರನೆಯ ದಿನವೇ ಸರಕಾರ ಹೊಸ ಮುಖ್ಯ ನ್ಯಾಯಾಧೀಶರ ಹೆಸರನ್ನು ಪ್ರಕಟಿಸಿತು. ನಿವೃತ್ತರಾಗುತ್ತಿದ್ದ ಎಸ್. ಎಂ. ಸಿಕ್ರಿ ಅವರ ತರುವಾಯ ಹಿರಿತನದ ಸಾಲಿನಲ್ಲಿದ್ದವರು ಮೊದಲು ಜೆ. ಎಂ. ಶೇಲತ್, ಅನಂತರ ಹೆಗ್ಡೆ, ಆಮೇಲೆ ಎ. ಎನ್. ಗ್ರೋವರ್. ಮೂವರೂ ಬಹುಮತದ ಏಳರಲ್ಲಿದ್ದವರು. ಸರಕಾರ ಈ ಮೂವರನ್ನೂ ದಾಟಿ ನಾಲ್ಕನೆಯವರಾದ ಎ. ಎನ್. ರೇ ಅವರನ್ನು ಆರಿಸಿತು. ರೇ ಅವರು ಸರಕಾರದ ಪರ ಮತ ಕೊಟ್ಟ ಆರು ಮಂದಿಯಲ್ಲಿ ಒಬ್ಬರು. ಅತ್ಯಂತ ಹಿರಿಯರೇ ಮುಖ್ಯ ನ್ಯಾಯಾಧೀಶರಾಗುವುದು ಅದುವರೆಗಿನ ಪದ್ಧತಿ. 1964ರಲ್ಲಿ ಒಮ್ಮೆ ಅದನ್ನು ಬಿಟ್ಟಿದ್ದರೂ ಹಿರಿಯರಾಗಿದ್ದವರ ಅನಾರೋಗ್ಯ ಅದಕ್ಕೆ ಕಾರಣವಾಗಿತ್ತು. ಈ ಬಾರಿ ಹಾಗೆ ಹೇಳಲು ಏನೂ ಇರಲಿಲ್ಲ.

ಸರಕಾರದ ಪರವಾಗಿ ಸಚಿವ ಮೋಹನ್ ಕುಮಾರಮಂಗಲಂ ಅವರು ಲೋಕಸಭೆಯಲ್ಲಿ ವಾದಿಸಿದರು. ಬರೀ ಹಿರಿತನ ಅರ್ಹತೆಯಲ್ಲ, ನ್ಯಾಯಾಧೀಶರ ಸಾಮಾಜಿಕ ದೃಷ್ಟಿಯನ್ನೂ ನೋಡಬೇಕು ಎಂಬುದು ಅವರ ನಿಲುವು. 1958ರಲ್ಲಿ ಕಾನೂನು ಆಯೋಗವು ತನ್ನ ಹದಿನಾಲ್ಕನೆಯ ವರದಿಯಲ್ಲಿ ಹಿರಿತನವೊಂದನ್ನೇ ನೋಡಬಾರದೆಂದು ಹೇಳಿದ್ದನ್ನು ಸರಕಾರ ಆಧಾರವಾಗಿ ತೋರಿಸಿತು. ಆದರೆ ಆ ಆಯೋಗದ ಅಧ್ಯಕ್ಷರಾಗಿದ್ದ ಎಂ. ಸಿ. ಸೆಟಲ್ವಾಡರೇ ಈ ನೇಮಕವನ್ನು ಬಲವಾಗಿ ಖಂಡಿಸಿದರು. ಅರ್ಹತೆಯನ್ನು ನೋಡುವುದು ಬೇರೆ, ತೀರ್ಪು ಯಾರ ಕಡೆಗಿತ್ತೆಂದು ನೋಡುವುದು ಬೇರೆ. ದೇಶದಲ್ಲಿ ಅತಿ ಹೆಚ್ಚು ಮೊಕದ್ದಮೆಗಳಲ್ಲಿ ಕಕ್ಷಿಗಾರನಾಗಿ ನಿಲ್ಲುವುದು ಸರಕಾರವೇ. ಆ ಕಕ್ಷಿಗಾರನೇ ತನಗೆ ಒಪ್ಪುವ ನ್ಯಾಯಾಧೀಶನನ್ನು ಮೇಲಕ್ಕೇರಿಸಿದರೆ ಅದು ಕ್ರೈಪಕ್ ಮೊಕದ್ದಮೆಯ ಅರಣ್ಯಾಧಿಕಾರಿಯ ಕಥೆಯೇ ಅಲ್ಲವೇ? ನಾಲ್ಕು ವರ್ಷಗಳ ಹಿಂದೆ ಹೆಗ್ಡೆಯವರು ಬರೆದ ನಿಯಮವು ಹೀಗೆ ಅವರ ಬಾಳಿನಲ್ಲೇ ಪರೀಕ್ಷೆಗೆ ಬಂತು.

ಈ ಮೇಲಾಟಕ್ಕೆ ಇನ್ನೊಂದು ಕಾರಣವನ್ನೂ ಹಲವರು ಸೂಚಿಸಿದ್ದಾರೆ. ರಾಯಬರೇಲಿಯ ಚುನಾವಣೆಯನ್ನು ಪ್ರಶ್ನಿಸಿ ರಾಜ್ ನಾರಾಯಣ್ ಅವರು ಹೂಡಿದ್ದ ತಕರಾರು ಅರ್ಜಿಯ ಒಂದು ಮೇಲ್ಮನವಿ 1972ರಲ್ಲಿ ಹೆಗ್ಡೆಯವರಿದ್ದ ಪೀಠದ ಮುಂದೆ ಬಂದಿತ್ತು. ಅರ್ಜಿಯ ಕೆಲವು ಮುಖ್ಯ ಅಂಶಗಳ ವಿಚಾರಣೆ ನಡೆಯಬೇಕೆಂದು ಪೀಠ ನಿರ್ಣಯಿಸಿತು. ಅದೇ ಅರ್ಜಿಯ ಮೇಲೆ 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿಯವರ ಚುನಾವಣೆಯನ್ನು ರದ್ದುಪಡಿಸಿತೆಂಬುದು ಎಲ್ಲರಿಗೂ ತಿಳಿದ ಚರಿತ್ರೆ.

ಶೇಲತ್, ಹೆಗ್ಡೆ, ಗ್ರೋವರ್ ಮೂವರೂ ರಾಜೀನಾಮೆ ಕೊಟ್ಟರು. ನಿಯಮದಂತೆ ನಡೆದಿದ್ದರೆ ಶೇಲತ್ ಅವರ ನಿವೃತ್ತಿಯ ಬಳಿಕ ಹೆಗ್ಡೆಯವರು 1974ರ ಜೂನ್‌ವರೆಗೆ, ಹೆಚ್ಚುಕಡಿಮೆ ಹನ್ನೊಂದು ತಿಂಗಳು, ಭಾರತದ ಮುಖ್ಯ ನ್ಯಾಯಾಧೀಶರಾಗಿರುತ್ತಿದ್ದರು. ಕುರ್ಚಿಯಲ್ಲಿ ಕುಳಿತು ಉಳಿದ ದಿನಗಳನ್ನು ಎಣಿಸಬಹುದಿತ್ತು; ಸಂಬಳವೂ ಗೌರವವೂ ಮೊದಲಿನಂತೆಯೇ ಇರುತ್ತಿದ್ದವು. ಅವರು ಹಾಗೆ ಮಾಡಲಿಲ್ಲ. ಹೊರಗೆ ಬಂದು ನ್ಯಾಯಾಂಗದ ಈ ಬಿಕ್ಕಟ್ಟನ್ನು ಕುರಿತು ಅದೇ ವರ್ಷ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ದಿಲ್ಲಿ ಹೈಕೋರ್ಟಿನಲ್ಲಿ ಅವರ ಸಹೋದ್ಯೋಗಿಯಾಗಿದ್ದ ಖನ್ನಾ ಅವರ ಸರದಿ ಮುಂದೆ ಬಂತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ವ್ಯಕ್ತಿ ಸ್ವಾತಂತ್ರ್ಯದ ಪರವಾಗಿ ಒಬ್ಬರೇ ನಿಂತು ಭಿನ್ನಮತ ಬರೆದ ಖನ್ನಾ ಅವರನ್ನು 1977ರ ಜನವರಿಯಲ್ಲಿ ಹಿಂದಕ್ಕೆ ಸರಿಸಲಾಯಿತು. ಅವರೂ ರಾಜೀನಾಮೆ ಕೊಟ್ಟರು. ಆ ಬಳಿಕ ಹಿರಿತನದ ಪದ್ಧತಿಯನ್ನು ಯಾವ ಸರಕಾರವೂ ಮುರಿದಿಲ್ಲ.

1977ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಜನತಾ ಪಕ್ಷ ಗೆದ್ದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಗೆದ್ದವರು ಹೆಗ್ಡೆಯವರು. ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದಾಗ ತೆರವಾದ ಲೋಕಸಭಾಧ್ಯಕ್ಷ ಸ್ಥಾನಕ್ಕೆ ಆ ಜುಲೈ 21ರಂದು ಹೆಗ್ಡೆಯವರು ಆಯ್ಕೆಯಾಗಿ 1980ರ ಜನವರಿಯವರೆಗೆ ಆ ಪದವಿಯಲ್ಲಿದ್ದರು. 1978ರ ಡಿಸೆಂಬರಿನಲ್ಲಿ ಶ್ರೀಮತಿ ಗಾಂಧಿಯವರನ್ನು ಲೋಕಸಭೆಯಿಂದ ಉಚ್ಚಾಟಿಸುವ ನಿರ್ಣಯವಾದದ್ದೂ ಅವರ ಅಧ್ಯಕ್ಷತೆಯ ಕಾಲದಲ್ಲೇ. ಅದು ಸಭೆಯ ಮತದಿಂದಾದ ನಿರ್ಣಯವೇ ಹೊರತು ಅಧ್ಯಕ್ಷರದಲ್ಲ. ಆದರೂ ಹಿಂದೆ ನ್ಯಾಯಾಧೀಶರಾಗಿದ್ದವರು ಪಕ್ಷ ರಾಜಕೀಯಕ್ಕೆ ಇಳಿದರೆ ಅವರ ಹಳೆಯ ತೀರ್ಪುಗಳನ್ನು ಜನ ಬೇರೆ ಕಣ್ಣಿನಿಂದ ನೋಡುತ್ತಾರೆ ಎಂಬ ಟೀಕೆ ಇದ್ದೇ ಇತ್ತು. ಮುಂದೆ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರೂ ಆದ ಹೆಗ್ಡೆಯವರನ್ನು ಈ ಟೀಕೆಯಿಂದ ಪೂರ್ತಿ ಪಾರುಮಾಡುವುದು ಸಾಧ್ಯವಿಲ್ಲ. ಮಹನೀಯರ ಚರಿತ್ರೆ ಬರೆಯುವಾಗ ಇಂಥದನ್ನು ಮುಚ್ಚಿಡುವುದು ಅವರಿಗೆ ಮಾಡುವ ಗೌರವವೂ ಅಲ್ಲ.

1979ರಲ್ಲಿ ಅವರು ನಿಟ್ಟೆ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ತಮ್ಮ ಹುಟ್ಟೂರಿನ ಸೀಮೆಯಲ್ಲಿ ಶಿಕ್ಷಣಕ್ಕೆ ತಳಹದಿ ಹಾಕಿದರು. 1990ರ ಮೇ 24ರಂದು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಗ ಸಂತೋಷ್ ಹೆಗ್ಡೆಯವರು ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೂ ಕರ್ನಾಟಕದ ಲೋಕಾಯುಕ್ತರೂ ಆದರು.

ಹೆಗ್ಡೆಯವರು ಕಣ್ಮುಚ್ಚಿದ ಅದೇ ತಿಂಗಳು ಲೋಕಸಭೆಯಲ್ಲಿ ಒಂದು ಮಸೂದೆ ಮಂಡನೆಯಾಯಿತು. ನ್ಯಾಯಾಧೀಶರ ಹೆಸರುಗಳನ್ನು ಶಿಫಾರಸು ಮಾಡಲು ರಾಷ್ಟ್ರೀಯ ನ್ಯಾಯಾಂಗ ಆಯೋಗವೊಂದನ್ನು ರಚಿಸುವುದು ಅದರ ಉದ್ದೇಶ. ಲೋಕಸಭೆ ವಿಸರ್ಜನೆಯಾಗಿ ಆ ಮಸೂದೆ ಬಿದ್ದುಹೋಯಿತು. 1993ರಲ್ಲಿ ಸುಪ್ರೀಂ ಕೋರ್ಟು ತನ್ನ ತೀರ್ಪಿನ ಮೂಲಕ ಆಯ್ಕೆಯ ಮುಖ್ಯ ಅಧಿಕಾರವನ್ನು ಹಿರಿಯ ನ್ಯಾಯಾಧೀಶರ ಕೈಗೇ ತಂದುಕೊಂಡಿತು. 1998ರಲ್ಲಿ ಮುಖ್ಯ ನ್ಯಾಯಾಧೀಶರು ಮತ್ತು ನಾಲ್ವರು ಹಿರಿಯರು ಸೇರಿದ ಕೊಲಿಜಿಯಂ ವ್ಯವಸ್ಥೆ ಈಗಿನ ರೂಪ ತಾಳಿತು. 2014ರಲ್ಲಿ ಸಂಸತ್ತು ಸಂವಿಧಾನದ 99ನೆಯ ತಿದ್ದುಪಡಿಯಿಂದ ಆರು ಸದಸ್ಯರ ಆಯೋಗವೊಂದನ್ನು ರೂಪಿಸಿತು: ಮುಖ್ಯ ನ್ಯಾಯಾಧೀಶರು, ಇಬ್ಬರು ಹಿರಿಯ ನ್ಯಾಯಾಧೀಶರು, ಕಾನೂನು ಸಚಿವರು, ಇಬ್ಬರು ಗಣ್ಯ ವ್ಯಕ್ತಿಗಳು. ಯಾರಾದರೂ ಇಬ್ಬರು ಒಪ್ಪದಿದ್ದರೆ ಆ ಹೆಸರು ಬೀಳುತ್ತಿತ್ತು. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟಿನ ಐವರ ಪೀಠ ನಾಲ್ಕು ಮತಗಳಿಂದ ಅದನ್ನು ರದ್ದುಗೊಳಿಸಿತು. ನ್ಯಾಯಮೂರ್ತಿ ಚೆಲಮೇಶ್ವರ್ ಅವರೊಬ್ಬರು ಒಪ್ಪಲಿಲ್ಲ. ರದ್ದುಗೊಳಿಸಲು ಬಳಸಿದ ಆಯುಧ ಯಾವುದು? 1973ರಲ್ಲಿ ಹೆಗ್ಡೆಯವರೂ ಸೇರಿ ಕೊಟ್ಟ ಮೂಲ ಸ್ವರೂಪದ ಸಿದ್ಧಾಂತವೇ.

ಇಲ್ಲಿ ನಾವು ಹೆಗ್ಡೆಯವರ ಇನ್ನೊಂದು ತೀರ್ಪನ್ನೂ ನೆನೆಯಬೇಕು. ಸರಕಾರವೆಂಬ ಕಕ್ಷಿಗಾರ ನ್ಯಾಯಾಧೀಶರನ್ನು ಆರಿಸಿದರೆ ಅಪಾಯ ಎಂದು 1973 ಕಲಿಸಿತು. ನ್ಯಾಯಾಧೀಶರೇ ನ್ಯಾಯಾಧೀಶರನ್ನು ಮುಚ್ಚಿದ ಕೋಣೆಯಲ್ಲಿ ಆರಿಸಿದರೆ? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಕರಿಕೋಟಿನವರಿಗೂ ಅನ್ವಯಿಸೀತು. ಕ್ರೈಪಕ್ ತೀರ್ಪಿನ ನಿಯಮವು ಸರಕಾರಕ್ಕೆ ಒಂದು, ನ್ಯಾಯಾಲಯಕ್ಕೆ ಒಂದು ಎಂದಿಲ್ಲ. ಇಂಗ್ಲೆಂಡಿನಲ್ಲಿ 2006ರಿಂದ ಕೆಲಸ ಮಾಡುತ್ತಿರುವ ನೇಮಕಾತಿ ಆಯೋಗದಲ್ಲಿ ನ್ಯಾಯಾಧೀಶರೂ ವಕೀಲರೂ ಇರುವಂತೆಯೇ ಕಾನೂನು ವೃತ್ತಿಗೆ ಸೇರದ ಸಾಮಾನ್ಯರೂ ಇದ್ದಾರೆ. ತೆರವಾದ ಸ್ಥಾನಗಳಿಗೆ ಬಹಿರಂಗವಾಗಿ ಅರ್ಜಿ ಕರೆಯುತ್ತಾರೆ. ನಮ್ಮಲ್ಲಿ ಅದೇ ಬೇಕೆಂದೇನೂ ಅಲ್ಲ. ಆದರೆ ಹೆಸರು ಯಾವುದು, ಯಾಕೆ ಆರಿಸಿದರು, ಯಾಕೆ ಬಿಟ್ಟರು ಎಂಬುದು ಜನರಿಗೆ ತಿಳಿಯುವ ದಾರಿ ಬೇಕು. ಆರಿಸುವವರಲ್ಲಿ ಯಾವ ಒಂದು ಗುಂಪಿನ ಕೈಯೂ ಮೇಲಾಗಬಾರದು.

ನಮ್ಮಂಥವರಿಗೆ ಈ ಮಾತು ದೂರದ ದಿಲ್ಲಿಯದಲ್ಲ. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವರಲ್ಲಿ ನಾನೂ ಒಬ್ಬನು. ನಮ್ಮ ಹಿರಿಯರು ನ್ಯಾಯಾಲಯವನ್ನು ಕಂಡದ್ದು ತಾಲ್ಲೂಕು ಕೋರ್ಟಿನ ಜಗಲಿಯಿಂದ ಮಾತ್ರ. ನಮ್ಮ ತರಗತಿಯಿಂದ ನಾಳೆ ಲಾ ಕಾಲೇಜಿಗೆ ಹೋಗುವವರಿಗೆ ಮುನ್ಸೀಫರ ಪರೀಕ್ಷೆ ಇದೆ, ಓದಿದವನು ಪಾಸಾಗಬಲ್ಲನು. ಹೈಕೋರ್ಟಿಗೆ ಹೋಗುವ ಬಾಗಿಲಿಗೆ ಅಂಥ ಪರೀಕ್ಷೆಯಿಲ್ಲ. ಯಾರೋ ಹೆಸರು ಹೇಳಬೇಕು. ಹೆಸರು ಹೇಳುವವರ ಪರಿಚಯವಿಲ್ಲದ ಮನೆಯ ಮಕ್ಕಳಿಗೆ ನ್ಯಾಯವಾದ ಆಯ್ಕೆ ಎಂಬುದು ಬರೀ ತತ್ತ್ವವಲ್ಲ, ಬಾಗಿಲಿನ ಬೀಗದ ಕೈ.

ಹೆಗ್ಡೆಯವರನ್ನು ನ್ಯಾಯಾಧೀಶರನ್ನಾಗಿ ಮಾಡಿದ ಪದ್ಧತಿಯಲ್ಲೂ ದೋಷವಿತ್ತು, ಅವರನ್ನು ತಡೆದ ಪದ್ಧತಿಯಲ್ಲೂ ದೋಷವಿತ್ತು. ಮೊದಲನೆಯದರ ದೋಷವನ್ನು ಅವರ ಸ್ವಂತ ಗುಣ ತುಂಬಿಕೊಟ್ಟಿತು. ಎರಡನೆಯದರ ಬೆಲೆಯನ್ನು ಅವರೇ ತೆತ್ತರು. ಒಬ್ಬ ವ್ಯಕ್ತಿಯ ಗುಣವನ್ನು ನಂಬಿ ಒಂದು ದೇಶದ ನ್ಯಾಯಾಂಗ ನಡೆಯಲಾರದು. ಅರಣ್ಯಾಧಿಕಾರಿಗಳ ಆಯ್ಕೆಗಾಗಿ ಅವರು ಬರೆದ ನಿಯಮ ನ್ಯಾಯಮೂರ್ತಿಗಳ ಆಯ್ಕೆಗೂ ಪೂರ್ತಿಯಾಗಿ ಅನ್ವಯವಾಗುವ ದಿನ ಬಂದಾಗ, ಕೌಡೂರಿನ ಈ ಹಿರಿಯರಿಗೆ ತಪ್ಪಿಹೋದ ಆ ಹನ್ನೊಂದು ತಿಂಗಳುಗಳ ಸಾಲ ತೀರಿದಂತಾದೀತು.